ಚಳಿ ತಡೆಯುವ ಗಿಡ ಆರಿಸುವಾಗ

ಗಿಡದ ಚೀಟಿಯಲ್ಲಿ ‘ಝೋನ್ 4’ ಅಂತಿದ್ದರೆ ಸಾಕು, ನಂಬಿ ತಂದು ನೆಡುವವರೇ ಜಾಸ್ತಿ. ಆ ಅಂಕಿ ಬೇಕು, ನಿಜ. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ ಝೋನ್ 4 ಅಂದರೆ, ವರ್ಷದ ಅತಿ ಕಡಿಮೆ ಉಷ್ಣಾಂಶ ಸರಾಸರಿ ಮೈನಸ್ 34ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವ ಜಾಗ. ಅಂಕಿ ಇಳಿದಷ್ಟೂ ಚಳಿ ಜಾಸ್ತಿ. ಆದರೆ ಮಣ್ಣಲ್ಲಿ ನೀರು ನಿಲ್ಲುತ್ತದಾ, ಗಾಳಿ ಎಷ್ಟು ಹೊಡೆಯುತ್ತದೆ ಅನ್ನುವುದು ಅದರಲ್ಲಿಲ್ಲ.

ಪೊದೆ ಗಿಡ ಆರಿಸುವಾಗ ನಾನು ಮೊದಲು ವಿಚಾರಿಸುವುದು, ಇದು ಹೂ ಬಿಡುವುದು ಹಳೇ ಕಡ್ಡಿಯಲ್ಲೋ ಹೊಸ ಚಿಗುರಲ್ಲೋ ಅಂತ. ಹೈಡ್ರೇಂಜಿಯಾ ನೋಡಿ. ದುಂಡನೆಯ ನೀಲಿ ಹೂಗೊಂಚಲಿನ ಮ್ಯಾಕ್ರೋಫಿಲ್ಲಾ, ಮುಂದಿನ ವರ್ಷದ ಮೊಗ್ಗನ್ನು ಚಳಿಗಾಲಕ್ಕೆ ಮೊದಲೇ ಕಡ್ಡಿಯಲ್ಲಿ ಕಟ್ಟಿಟ್ಟಿರುತ್ತದೆ. ಹಿಮ ಕರಗಿದ ಮೇಲೆ ಒಂದು ಮೊಗ್ಗನ್ನು ಉಗುರಲ್ಲಿ ಸೀಳಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಚಳಿಗೆ ಹೋಯಿತು. ಬುಡದಿಂದ ಎಲೆ ದಂಡಿಯಾಗಿ ಬರುತ್ತದೆ, ಹೂ ಮಾತ್ರ ಇಲ್ಲ. ಗಿಡ ಬದುಕಿದೆ, ಸರಿ. ಆದರೆ ನಾವು ನೆಟ್ಟಿದ್ದು ಹೂವಿಗಲ್ವಾ? ಪ್ಯಾನಿಕ್ಯುಲಾಟಾ ಜಾತಿ ಆ ವರ್ಷದ ಚಿಗುರಲ್ಲೇ ಹೂ ಬಿಡುತ್ತದೆ. ಝೋನ್ 3ರ ಚಳಿಗೂ ಜಗ್ಗುವುದಿಲ್ಲ. ಯಾರು ಕೇಳಿದರೂ ನಾನು ಹೇಳುವುದು ಅದನ್ನೇ.

ಗುಲಾಬಿಯಾದರೆ ಸ್ವಂತ ಬೇರಿನ ಗಿಡ ಕೇಳಿ ತನ್ನಿ. ಕಸಿ ಗಿಡದಲ್ಲಿ ಮೇಲಿನ ಭಾಗ ಸತ್ತರೆ, ಬುಡದಿಂದ ಚಿಗುರುವುದು ಬೇರೆಯದೇ ಗುಲಾಬಿ. ಗುಲಾಬಿಯಲ್ಲಿ ರುಗೋಸಾ ಜಾತಿ ನನಗೆ ಬಲು ಇಷ್ಟ. ಗಟ್ಟಿ ಗಿಡ, ಘಮವೂ ಇದೆ.

ಲ್ಯಾವೆಂಡರ್‌ಗೆ ಚಳಿಗಾಲದಲ್ಲಿ ಬೇರು ಒದ್ದೆ ಇದ್ದರೆ ಆಗುವುದೇ ಇಲ್ಲ. ಜಿಗುಟು ಮಣ್ಣಿದ್ದರೆ ಏರುಮಡಿ ಮಾಡಿ ನೆಡಿ. ಕುಂಡದಲ್ಲಿ ಬೇರಿಗೆ ಸುತ್ತಲಿಂದಲೂ ಚಳಿ ತಗಲುತ್ತದೆ, ಹಾಗಾಗಿ ಹೊರಗಿಡುವ ಕುಂಡಕ್ಕೆ ನಿಮ್ಮ ಝೋನ್‌ಗಿಂತ ಎರಡು ಝೋನ್ ಗಟ್ಟಿ ಗಿಡ ಬೇಕು.

ಹಿಮವನ್ನು ಸುಮ್ನೆ ಬೈಯಬೇಡಿ. ಅದು ಬೇರಿಗೆ ಕಂಬಳಿ. ಹಿಮವಿಲ್ಲದ ಬರಿ ನೆಲ ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಎಳೇ ಗಿಡವನ್ನು ಬೇರುಸಮೇತ ಮೇಲಕ್ಕೆತ್ತುತ್ತದೆ. ನೆಲ ಒಮ್ಮೆ ಹೆಪ್ಪುಗಟ್ಟಿದ ಮೇಲೆ ತರಗೆಲೆ ಹೊದಿಸಿದರೆ ಇದು ತಪ್ಪುತ್ತದೆ.

ಇನ್ನು ಪಿಯೊನಿ, ದೊಡ್ಡ ಹೂ ಬಿಡುವ ಗೆಡ್ಡೆ ಗಿಡ. ಅದಕ್ಕೆ ಚಳಿ ಬೇಕೇ ಬೇಕು, ಇಲ್ಲದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ. ಗೆಡ್ಡೆಯ ಕೆಂಪು ಕಣ್ಣುಗಳು ಮಣ್ಣಲ್ಲಿ 5 ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗದಂತೆ ನೆಡಿ. ಹೋದರೆ ಬರೀ ಎಲೆ ನೋಡುತ್ತಾ ಕೂರಬೇಕಾಗುತ್ತದೆ.