ಮಳೆ ಬೇಕು ಅನ್ನುವವರೂ ಬೇಡ ಅನ್ನುವವರೂ

ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬರುವ ಹೊತ್ತಿಗೆ ನಮ್ಮ ಕೋಲಾರದ ಕಡೆ ದೇವರಿಗೆ ಅರ್ಜಿಗಳು ಜಾಸ್ತಿ. ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೂ ನೀರಿನ ಬದಲು ಗಾಳಿ ಉಗುಳಲು ಶುರು ಮಾಡುವ ಕಾಲ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಹೂವು ದಾಟಿ ಕಾಯಿ ಕಚ್ಚಿರುತ್ತದೆ. ಟೊಮೆಟೊ ಹಾಕಿದವರು ಬೆಳಗೆದ್ದು ಮೊದಲು ನೋಡುವುದು ಫೋನಿನಲ್ಲಿ ಎಪಿಎಂಸಿ ರೇಟು. ಬೈಬಲ್ ಆಮೇಲೆ.

ನಾವು ಹೋಗುವ ಚರ್ಚಿನಲ್ಲಿ ಪವಿತ್ರ ಗುರುವಾರದ ಆರಾಧನೆಗೆ ಮುಂಚೆ ಪ್ರಾರ್ಥನಾ ಚೀಟಿ ಬರೆದು ಡಬ್ಬಿಗೆ ಹಾಕುತ್ತೇವೆ. ಅಯ್ಯನವರು, ಅಂದರೆ ನಮ್ಮ ಪಾಸ್ಟರ್, ಒಂದೊಂದಾಗಿ ಓದಿ ಪ್ರಾರ್ಥಿಸುತ್ತಾರೆ. ಹೋದ ಸಲ ಒಂದು ಚೀಟಿಯಲ್ಲಿ ‘ಬೋರು ನಿಂತುಹೋಗಿದೆ, ಮಳೆ ಕೊಡು ಕರ್ತನೇ’ ಎಂದಿತ್ತು. ಅದರ ಬೆನ್ನಿಗೇ ಬಂದ ಚೀಟಿ: ‘ಕಾಯಿ ಇನ್ನೂ ಎಳಸು, ಕೀಳುವವರೆಗೆ ಗಾಳಿ ಮಳೆ ಆಲಿಕಲ್ಲು ಬೇಡ ತಂದೆಯೇ.’ ಜನ ನಕ್ಕರು. ಅಯ್ಯನವರೂ ನಕ್ಕರು. ಎರಡಕ್ಕೂ ಆಮೆನ್ ಅಂದೆವು.

ಇಂಥ ಊರಿನಲ್ಲಿ ದೇವರು ಯಾರ ಮಾತು ಕೇಳಬೇಕು ಹೇಳಿ? ನೀತಿವಂತರ ಮೇಲೂ ಅನೀತಿವಂತರ ಮೇಲೂ ಆತನು ಮಳೆ ಸುರಿಸುತ್ತಾನೆ ಅಂತ ಬೈಬಲಿನ ಮತ್ತಾಯ 5ರಲ್ಲಿದೆ. ಮಾವಿನವರ ಮೇಲೆ, ಬೋರಿನವರ ಮೇಲೆ ಅಂತ ಬೇರೆ ಬೇರೆ ಸುರಿಸುವ ಮಾತು ಅಲ್ಲಿಲ್ಲ. ನಾವು ವರ್ಷಗಟ್ಟಲೆ ಆಕಾಶದ ಕಡೆ ನೋಡುತ್ತಿದ್ದರೆ, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಬೆಂಗಳೂರಿನ ಕೊಳಚೆ ನೀರು, ಶುದ್ಧೀಕರಿಸಿದ್ದು. ಅದು ಪ್ರಾರ್ಥನೆಗೆ ಸಿಕ್ಕ ಉತ್ತರವಾ, ಸರ್ಕಾರದ ಯೋಜನೆಯಾ, ಇನ್ನೊಂದು ಸಲ ಶುದ್ಧಿ ಮಾಡಿ ಬಿಡಬೇಕಿತ್ತಾ ಅಂತ ಇವತ್ತಿಗೂ ಜಗಳ ಇದೆ.

ಚೀಟಿಗಳು ಮುಗಿದ ಮೇಲೆ ಓದಿದ ಪಾಠ ಮತ್ತಾಯ 26. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಬೋರಲು ಬಿದ್ದು ಕೇಳುತ್ತಾನೆ: ತಂದೆಯೇ, ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ, ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ. ಪಾತ್ರೆ ಅಂದರೆ ಮುಂದೆ ಕಾದಿದ್ದ ಸಂಕಟ, ಸಾವು. ಎರಡನೇ ಅರ್ಧ ನಮಗೆಲ್ಲ ಬಾಯಿಪಾಠ. ಮೊದಲ ಅರ್ಧವನ್ನು ಯಾಕೋ ಬೇಗ ದಾಟಿಬಿಡುತ್ತೇವೆ. ಆತ ತನಗೆ ಏನು ಬೇಕು, ಏನು ಬೇಡ ಅಂತ ಮುಚ್ಚಿಡಲಿಲ್ಲ. ಬೆವರು ರಕ್ತದ ಹನಿಗಳ ಹಾಗೆ ಬೀಳುತ್ತಿತ್ತು ಅನ್ನುತ್ತಾನೆ ಲೂಕ. ಒಂದು ಸಲ ಅಲ್ಲ, ಮೂರು ಸಲ ಹೋಗಿ ಅದನ್ನೇ ಕೇಳಿದ. ಆಸೆಪಡುವುದೇ ತಪ್ಪು ಅಂತಿದ್ದರೆ ಮೂರು ಸಲ ಕೇಳುತ್ತಿರಲಿಲ್ಲ, ಅಲ್ವಾ?

ನಮ್ಮಲ್ಲಿ ಕೆಲವರು ಪ್ರಾರ್ಥನೆಯ ಕೊನೆಗೆ ‘ನಿನ್ನ ಚಿತ್ತವಾದರೆ’ ಅಂತ ಸುಮ್ನೆ ಅಂಟಿಸುತ್ತಾರೆ. ಕೇಳಿದ್ದು ಸಿಗದಿದ್ದರೆ ದೇವರ ಮರ್ಯಾದೆ ಉಳಿಯಲಿ ಅಂತ. ಇನ್ನು ಕೆಲವು ಕೂಟಗಳಲ್ಲಿ ಆ ಮಾತು ಆಡುವುದೇ ಅಪನಂಬಿಕೆ. ವಿಶ್ವಾಸದಿಂದ ಕೇಳಿದರೆ ಕೊಟ್ಟೇ ಕೊಡುತ್ತಾನಂತೆ. ನನಗೆ ಒಪ್ಪಿಗೆ ಇಲ್ಲ. ಯೇಸುವೇ ಆಡಿದ ಮಾತು ಅಪನಂಬಿಕೆ ಹೇಗಾಗುತ್ತದೆ? ಅಪೊಸ್ತಲ ಪೌಲನೂ ತನ್ನನ್ನು ಕಾಡುತ್ತಿದ್ದ ‘ಶರೀರದ ಮುಳ್ಳು’ ತೆಗೆ ಅಂತ ಮೂರು ಸಲ ಬೇಡಿದ. ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ. ಪೌಲನಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ನನ್ನ ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು. ಟೊಮೆಟೊ ಗಿಡಕ್ಕೆ ದಾರ ಕಟ್ಟಿ ಬಂದ ಕೈ. ಆ ಗಿಡದ ಕಪ್ಪು ಹಸಿರು ಕರೆ ಸೋಪಿಗೆ ಬಗ್ಗುವುದಿಲ್ಲ, ಉಗುರಿನ ಸಂದಿಯಲ್ಲಂತೂ ಸೀಸನ್ ಮುಗಿಯುವವರೆಗೂ ಇರುತ್ತದೆ. ಆ ಕೈ ಜೋಡಿಸಿಕೊಂಡು ಅವರು ಕೇಳುವುದು ಒಂದೇ: ರೇಟು. 2023ರ ಜುಲೈಯಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದೇ ಟೊಮೆಟೊವನ್ನು ರಸ್ತೆ ಬದಿ ಸುರಿದು ಬಂದ ವರ್ಷಗಳನ್ನೂ ಮರೆತಿಲ್ಲ.

ಆದರೆ 2023ರಲ್ಲಿ ರೇಟು ಏರಿದ್ದು ಹೇಗೆ? ನಮ್ಮ ಕಡೆಯೇ ಎಷ್ಟೋ ಜನರ ತೋಟಕ್ಕೆ ರೋಗ ಬಡಿದು ಎಲೆ ಮುದುಡಿತ್ತು. ಉತ್ತರದಲ್ಲಿ ಮಳೆಗೆ ಬೆಳೆ ಹೋಗಿತ್ತು. ‘ರೇಟು ಬರಲಿ’ ಅಂತ ಮೊಣಕಾಲೂರಿ ಕೇಳುವವನು, ಗೊತ್ತಿಲ್ಲದೆಯೇ, ಎಲ್ಲೋ ಒಬ್ಬನ ತೋಟ ಕೆಡಲಿ ಅಂತಲೂ ಕೇಳುತ್ತಿರುತ್ತಾನೆ. ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಂತ ಕೇಳದೇ ಇರಕ್ಕಾಗುತ್ತಾ?’ ಅಂದರು.

ಕೇಳದೇ ಇರಬೇಕಿಲ್ಲ. ಕೇಳುತ್ತಾ ಕೇಳುತ್ತಾ ಆಸೆ ಹಸನಾಗುತ್ತದೆ, ರಾಗಿಯನ್ನು ಮೊರದಲ್ಲಿ ಕೇರಿದ ಹಾಗೆ. ಚಿಕ್ಕಪ್ಪನ ಪ್ರಾರ್ಥನೆಯನ್ನು ಹೀಗೆ ಕೇರುತ್ತಾ ಹೋದರೆ ಮೊದಲು ರೇಟು ಹಾರಿಹೋಗುತ್ತದೆ. ರೇಟು ಯಾಕೆ? ದುಡ್ಡಿಗೆ. ದುಡ್ಡು ಯಾಕೆ? ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕು, ಗೊಬ್ಬರದ ಅಂಗಡಿ ಸಾಲ ತೀರಿಸಬೇಕು. ಬೇಕಿರುವುದು ಫೀಸು, ಕೇಳುತ್ತಿರುವುದು ರೇಟು. ತಂದೆಯ ಹತ್ತಿರ ಫೀಸಿನ ಮಾತು ನೇರ ಆಡಬಹುದಲ್ಲ. ಅದಕ್ಕೆ ಯಾರ ತೋಟವೂ ಕೆಡಬೇಕಿಲ್ಲ.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಸಾಲುಗಳ ಕ್ರಮವೂ ಇದೇ ಕೆಲಸ ಮಾಡುತ್ತದೆ ಅನಿಸುತ್ತದೆ. ಮೊದಲು ಆತನ ನಾಮ, ಆತನ ರಾಜ್ಯ, ಆತನ ಚಿತ್ತ. ಊಟದ ಮಾತು ಆಮೇಲೆ. ಅಲ್ಲಿರುವುದು ‘ನಮಗೆ ಕೊಡು’ ಅಂತ, ಹಾಗಾಗಿ ಅದನ್ನೂ ಒಬ್ಬನಿಗಾಗಿ ಕೇಳಲು ಬರುವುದಿಲ್ಲ, ಪಕ್ಕದವನನ್ನು ಸೇರಿಸಿಕೊಂಡೇ ಕೇಳಬೇಕು. ಮಳೆ ಬೇಕು ಅಂದವನೂ ಬೇಡ ಅಂದವನೂ ಆ ರಾತ್ರಿ ಒಟ್ಟಿಗೆ ನಿಂತು ಅದನ್ನು ಹೇಳಿದರು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಾವಿನ ಮನೆಗೆ ಹೋಗಿ ‘ದೇವರ ಚಿತ್ತ’ ಅನ್ನುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಗೆತ್ಸೇಮನೆಯಲ್ಲಿ ಆ ಮಾತು ಪಾತ್ರೆ ಕುಡಿಯಬೇಕಾದವನ ಬಾಯಿಂದಲೇ ಬಂತು, ಶಿಷ್ಯರು ಪಕ್ಕದಲ್ಲಿ ನಿಂತು ಹೇಳಿದ್ದಲ್ಲ. ಅವರಂತೂ ನಿದ್ದೆ ಮಾಡುತ್ತಿದ್ದರು! ದೇವರ ಚಿತ್ತ ಅಂದರೆ ಕೈಕಟ್ಟಿ ಕೂರುವುದೂ ಅಲ್ಲ. ಹಾಗಿದ್ದಿದ್ದರೆ ರೋಗಿಗಳಿಗಾಗಿ ಪ್ರಾರ್ಥಿಸಿದ ಮೆಥೋಡಿಸ್ಟ್ ಮಿಷನರಿಗಳು ಕೋಲಾರದಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟುವ ಕಷ್ಟ ಯಾಕೆ ತೆಗೆದುಕೊಳ್ಳುತ್ತಿದ್ದರು? ನೂರು ವರ್ಷಕ್ಕೂ ಹಳೆಯ ಆ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಸಭೆಯಲ್ಲೇ ಎಷ್ಟೋ ಜನ ಇದ್ದಾರೆ.

ಮೂರನೇ ಸಲ ಪ್ರಾರ್ಥಿಸಿ ಬಂದ ಮೇಲೆ ಯೇಸು ಶಿಷ್ಯರಿಗೆ ಹೇಳಿದ್ದು ‘ಏಳಿರಿ, ಹೋಗೋಣ’ ಅಂತ. ಪಾತ್ರೆ ಅಲ್ಲೇ ಇತ್ತು. ಭಯದಿಂದ ಬಿದ್ದವನು ಎದ್ದು ತಾನೇ ಮುಂದೆ ನಡೆದ.

ಈಸ್ಟರ್ ಮುಗಿದ ಸೋಮವಾರ ಚಿಕ್ಕಪ್ಪ ಮಗಳ ಕಾಲೇಜಿಗೆ ಫೋನ್ ಮಾಡಿ, ಫೀಸನ್ನು ಎರಡು ಕಂತಿನಲ್ಲಿ ಕಟ್ಟಬಹುದಾ ಅಂತ ಕೇಳಿದರು. ಒಂದು ಅರ್ಜಿ ಬರೆದುಕೊಡಿ, ಆಗುತ್ತೆ ಅಂದರಂತೆ. ‘ಇದನ್ನ ಮೊದಲೇ ಕೇಳಬಹುದಿತ್ತಲ್ಲ’ ಅಂದಳು ಚಿಕ್ಕಮ್ಮ.