ಮದುವೆ ಮನೆಯ ತೋಳಗಳು

ಲಾಸ್ ಏಂಜಲೀಸ್ ಮೆಟ್ರೊದ ಇ ಲೈನ್ ಲಿಟಲ್ ಟೋಕಿಯೊ ಬಿಟ್ಟ ಮೇಲೆ ನದಿ ದಾಟುತ್ತದೆ. ನದಿ ಅಂದರೆ ಎರಡೂ ದಡಕ್ಕೆ ಕಾಂಕ್ರೀಟು ಬಳಿದ ಕಾಲುವೆ, ನಡುವೆ ಒಂದಿಷ್ಟು ನೀರು. ಆಮೇಲೆ ರೈಲು ನೆಲದೊಳಕ್ಕಿಳಿದು ಮರಿಯಾಚಿ ಪ್ಲಾಜಾದಲ್ಲಿ ನಿಲ್ಲುತ್ತದೆ. ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಕಲ್ಲಿನ ಮಂಟಪ. ಮೆಕ್ಸಿಕೊದ ಹಲಿಸ್ಕೊ ರಾಜ್ಯ ಕೊಟ್ಟ ಉಡುಗೊರೆ. ಅದರ ಸುತ್ತಲಿನ ಬೆಂಚುಗಳ ಮೇಲೆ, ಪ್ಯಾಂಟಿನ ಉದ್ದಕ್ಕೂ ಬೆಳ್ಳಿಬಣ್ಣದ ಗುಂಡಿ ಹೊಲಿಸಿಕೊಂಡ ಗಂಡಸರು ವಾದ್ಯದ ಪೆಟ್ಟಿಗೆಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಒಂದು ಪಿಕಪ್ ಬಂದು ನಿಂತಿತು. ಒಳಗಿದ್ದವನು ಕಿಟಕಿ ಇಳಿಸಿದ, ಗಂಟೆಗೆ ಇಷ್ಟು ಅಂತ ಮಾತಾಯಿತು, ಐದು ಜನ ತಮ್ಮ ವ್ಯಾನು ಹತ್ತಿ ಅವನ ಹಿಂದೆ ಹೊರಟೇಬಿಟ್ಟರು. 1930ರ ದಶಕದಿಂದಲೂ ಇಲ್ಲಿ ಮರಿಯಾಚಿಗಳಿಗೆ, ಅಂದರೆ ಮೆಕ್ಸಿಕನ್ ಹಾಡುಗಾರ-ವಾದ್ಯಗಾರರಿಗೆ, ಕೆಲಸ ಸಿಗುವುದು ಹೀಗೇ.

"ಅತ್ತೆ, ಎಲ್ಲರೂ ಹಾಲಿವುಡ್ ನೋಡೋಕೆ ಬರ್ತಾರೆ. ನೀವು ಕೂಲಿಗೆ ಕಾಯೋರನ್ನ ನೋಡೋಕೆ ಬಂದಿದೀರಿ," ಅಂದ ನನ್ನ ಸೋದರಳಿಯ. ಅರ್ವೈನ್‌ನಲ್ಲಿ ಕೆಲಸ ಅವನಿಗೆ. ನನಗಾಗಿ ರಜೆ ಹಾಕಿದ್ದ, ಆದ್ದರಿಂದ ಗೊಣಗುವ ಹಕ್ಕೂ ಅವನಿಗಿತ್ತು.

ನಾನು ಬಂದಿದ್ದು 'ಲೋಸ್ ಲೋಬೋಸ್' ಎಂಬ ತಂಡದ ಜಾಡು ಹಿಡಿದು. ತೋಳಗಳು ಎಂದು ಹೆಸರಿಟ್ಟುಕೊಂಡ ಈ ತಂಡದವರು ಚಿಕಾನೊಗಳು, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು. 'ಲಾ ಬಾಂಬಾ' ಅಂದರೆ ನಮ್ಮ ಕಡೆಯವರಿಗೂ ಅವರ ದನಿ ನೆನಪಾಗುತ್ತದೆ. ಆದರೆ ನನ್ನನ್ನು ಹಿಡಿದದ್ದು ಆ ಹಾಡಲ್ಲ. 1973ರಲ್ಲಿ ಈಸ್ಟ್ ಲಾಸ್ ಏಂಜಲೀಸ್‌ನಲ್ಲಿ ಕೂಡಿದ ಡೇವಿಡ್ ಹಿಡಾಲ್ಗೊ, ಲೂಯಿ ಪೆರೆಜ್, ಸೀಸರ್ ರೋಸಸ್, ಕಾನ್ರಾಡ್ ಲೊಜಾನೊ 2023ರಲ್ಲಿ ತಂಡಕ್ಕೆ ಐವತ್ತು ತುಂಬಿದಾಗಲೂ ಜೊತೆಗೇ ಇದ್ದರು. ನಮ್ಮೂರಿನ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳು ಮೂರನೇ ವರ್ಷಕ್ಕೆ ಎರಡಾಗಿ, ಐದನೇ ವರ್ಷಕ್ಕೆ ಕೀಬೋರ್ಡಿನವನೊಬ್ಬನೇ ಉಳಿಯುವುದನ್ನು ಕಂಡವಳು ನಾನು. ಇವರು ಹೇಗೆ ಉಳಿದರು?

ಪ್ಲಾಜಾದ ಮೂಲೆಯಲ್ಲಿ 1889ರ ಇಟ್ಟಿಗೆ ಕಟ್ಟಡವೊಂದಿದೆ, ಬಾಯ್ಲ್ ಹೋಟೆಲ್. ವಾದ್ಯದವರೇ ಬಾಡಿಗೆಗೆ ತುಂಬಿಕೊಂಡಿದ್ದರಿಂದ ಜನ ಅದನ್ನು ಮರಿಯಾಚಿ ಹೋಟೆಲ್ ಎನ್ನುತ್ತಿದ್ದರು. ಈಗ ದುರಸ್ತಿಯಾಗಿ ಕಡಿಮೆ ಬಾಡಿಗೆಯ ಮನೆಗಳಾಗಿವೆ. ಮೆಟ್ರೊ ಬಂದ ಮೇಲೆ ಸುತ್ತಲಿನ ಬಾಡಿಗೆ ಏರುತ್ತಲೇ ಇದೆ. 2017ರಲ್ಲಿ ಪಕ್ಕದ ಕಟ್ಟಡದ ಬಾಡಿಗೆದಾರರು, ಅವರಲ್ಲಿ ಮರಿಯಾಚಿಗಳೂ ಇದ್ದರು, ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಮುಷ್ಕರ ಹೂಡಿದ್ದರು. ಅಲ್ಲಿಂದ ನಡೆದು ಸೀಸರ್ ಚಾವೆಜ್ ಅವೆನ್ಯೂಗೆ ಬಂದರೆ ಕಂದೇಲಾಸ್ ಗಿಟಾರ್ ಅಂಗಡಿ. ತಲೆಮಾರುಗಳಿಂದ ಒಂದೇ ಮನೆತನದವರು ಕೈಯಲ್ಲೇ ಗಿಟಾರ್ ಮಾಡುವ ಜಾಗ. ಲೋಸ್ ಲೋಬೋಸ್‌ನವರೂ ಇದರ ಗಿರಾಕಿಗಳು. ಹೊಟ್ಟೆ ಉಬ್ಬಿದ ಗಿಟರೋನ್, ಎಂಟು ತಂತಿಯ ಪುಟ್ಟ ಹರಾನಾ, ಇಂಥವನ್ನೆಲ್ಲ ಹತ್ತಿರದಿಂದ ನೋಡಿದೆ. ಬೆಲೆ ಕೇಳುವ ಧೈರ್ಯ ಬರಲಿಲ್ಲ.

ಮತ್ತೆ ರೈಲು ಹತ್ತಿ ಕೊನೆಯ ನಿಲ್ದಾಣ ಅಟ್ಲಾಂಟಿಕ್‌ಗೆ ಹೋದೆವು. ಈಸ್ಟ್ ಲಾಸ್ ಏಂಜಲೀಸ್ ಹೆಸರಿಗೆ ಮಾತ್ರ ಲಾಸ್ ಏಂಜಲೀಸ್. ಅದು ನಗರಸಭೆಗೆ ಸೇರಿಲ್ಲ. ಸ್ವಂತ ಮೇಯರ್ ಇಲ್ಲ, ಆಡಳಿತ ಕೌಂಟಿಯದು, ಅಂದರೆ ಜಿಲ್ಲೆಯದು, ಪೊಲೀಸ್ ಕೆಲಸ ಅದರ ಶೆರಿಫ್‌ನದು. ಈ ಮಾತು ಮುಂದೆ ಬೇಕಾಗುತ್ತದೆ. ನಿಲ್ದಾಣದಿಂದ ದಕ್ಷಿಣಕ್ಕೆ ನಡೆದರೆ ಆರನೇ ಬೀದಿಯಲ್ಲಿ ಗಾರ್ಫೀಲ್ಡ್ ಹೈಸ್ಕೂಲ್. ಹೊರಗಿನಿಂದ ನೋಡಲು ಏನೂ ಇಲ್ಲ: ಬೇಲಿ, ಆಟದ ಬಯಲು, ಬುಲ್‌ಡಾಗ್ ಚಿತ್ರ. ಹಿಡಾಲ್ಗೊ ಮತ್ತು ಪೆರೆಜ್‌ಗೆ ಗೆಳೆತನವಾದದ್ದು ಇಲ್ಲಿನ ಚಿತ್ರಕಲೆ ತರಗತಿಯಲ್ಲಿ. ಮುಂದೆ ತಂಡದ ಬಹುಪಾಲು ಹಾಡುಗಳನ್ನು ಕಟ್ಟಿದ್ದು ಈ ಜೋಡಿಯೇ.

ಹುಡುಗರು ಮೊದಲು ಬೇರೆಬೇರೆ ತಂಡಗಳಲ್ಲಿ ರಾಕ್ ನುಡಿಸುತ್ತಿದ್ದರು. ಲೊಜಾನೊ 'ತಿಯೆರಾ' ಎಂಬ ತಂಡದಲ್ಲಿ ಬೇಸ್ ಹಿಡಿದಿದ್ದವರು. ಆದರೆ ಕೂಡಿ ಕಲಿಯಲು ಕೂತಾಗ ಆರಿಸಿಕೊಂಡದ್ದು ಅಪ್ಪ ಅಮ್ಮಂದಿರ ಮೆಕ್ಸಿಕನ್ ಹಾಡುಗಳ ಬಗೆಗಳನ್ನು: ವೆರಾಕ್ರೂಸ್ ಕಡೆಯ ಸೋನ್ ಹರೋಚೊ, ವಾಪಾಂಗೊ, ಬೊಲೆರೊ, ಗಡಿನಾಡಿನ ನೊರ್ತೆನ್ಯೊ. ಹಳೇ ರೆಕಾರ್ಡುಗಳನ್ನು ಮತ್ತೆ ಮತ್ತೆ ಹಾಕಿ ಒಂದೊಂದೇ ಬೆರಳನ್ನು ಹುಡುಕಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಆ ವಯಸ್ಸಿನ ಬೇರೆ ಹುಡುಗರಿಗೆ ಅದು ಅಜ್ಜಿಯರ ಸಂಗೀತ.

ಎಲೆಕ್ಟ್ರಿಕ್ ಗಿಟಾರ್ ಮೂಲೆಗಿಟ್ಟು ಏಳೆಂಟು ವರ್ಷ ಅವರು ನುಡಿಸಿದ್ದು ಮದುವೆ, ನಾಮಕರಣ, ಚರ್ಚಿನ ಜಾತ್ರೆ, ಶಾಲೆ, ಮೆಕ್ಸಿಕನ್ ಹೋಟೆಲುಗಳಲ್ಲಿ. 1978ರಲ್ಲಿ ದೊಡ್ಡ ಕಂಪನಿಯ ಆಸರೆಯಿಲ್ಲದೆ ಒಂದು ರೆಕಾರ್ಡ್ ತಂದರು. ಅದರ ಹೆಸರಿನ ತಾತ್ಪರ್ಯ 'ಈಸ್ಟ್ ಎಲ್.ಎ.ಯ ಇನ್ನೊಂದು ತಂಡ, ಅಷ್ಟೆ'. ನನ್ನ ಲೆಕ್ಕದಲ್ಲಿ ಅವರ ಬಾಳಿಕೆಯ ಗುಟ್ಟು ಇರುವುದು ಈ ವರ್ಷಗಳಲ್ಲೇ. ಮದುವೆ ಮನೆಯಲ್ಲಿ ಪ್ರತಿಭೆ ತೋರಿಸಿ ಪ್ರಯೋಜನವಿಲ್ಲ. ಅಜ್ಜ ಕೇಳಿದ ಹಾಡು ಬರಬೇಕು, ಮಕ್ಕಳು ಕುಣಿಯಬೇಕು, ಊಟದ ಹೊತ್ತಿಗೆ ದನಿ ತಗ್ಗಿಸಬೇಕು, ಬಂದ ಹಣವನ್ನು ರಾತ್ರಿಯೇ ಸಮ ಹಂಚಿಕೊಳ್ಳಬೇಕು. ಇಷ್ಟನ್ನು ಜೊತೆಯಲ್ಲಿ ಮಾಡಿದವರಿಗೆ ಮುಂದೆ ಬಂದ ಹೆಸರು ಜಗಳಕ್ಕೆ ಕಾರಣವಾಗಲಿಲ್ಲ.

ಎಲ್ಲರೂ ಉಳಿದರು ಅಂತಲೂ ಅಲ್ಲ. ಸ್ಥಾಪಕರಲ್ಲೊಬ್ಬರಾದ ಫ್ರಾನ್ಸಿಸ್ಕೊ ಗೊನ್ಸಾಲೆಸ್ 1976ರ ಹೊತ್ತಿಗೆ ಬಿಟ್ಟು, ಲೂಯಿಸ್ ವಾಲ್ಡೆಜ್ 1965ರಲ್ಲಿ ಹೊಲದ ಕೂಲಿಯವರೊಡನೆ ಕಟ್ಟಿದ್ದ ತಿಯಾತ್ರೊ ಕಂಪೆಸೀನೊ ನಾಟಕ ತಂಡಕ್ಕೆ ಸಂಗೀತ ಮಾಡಲು ಹೋದರು. ಆಮೇಲೆ ಹಾರ್ಪ್ ವಾದಕರಾದರು; ಮೆಕ್ಸಿಕನ್ ವಾದ್ಯಗಳಿಗೆ ಒಳ್ಳೆಯ ತಂತಿಯೇ ಸಿಗುವುದಿಲ್ಲವೆಂದು ತಂತಿ ಮಾಡುವ ಸ್ವಂತ ಕಾರ್ಖಾನೆಯನ್ನೂ ತೆರೆದರು. 2022ರಲ್ಲಿ ತೀರಿಕೊಂಡರು. ತಂಡ ಬಿಟ್ಟ ಕಲಾವಿದನ ಬದುಕು ಇಷ್ಟು ಗಟ್ಟಿಯಾಗಿ ಮುಂದುವರಿದದ್ದನ್ನು ಓದಿ ನನಗೆ ಖುಷಿಯಾಗಿತ್ತು.

ಮಧ್ಯಾಹ್ನಕ್ಕೆ ವಿಟಿಯರ್ ಬುಲೆವಾರ್ಡ್ ಸೇರಿದೆವು. ರಸ್ತೆಗೆ ಅಡ್ಡಲಾಗಿ ದೊಡ್ಡ ಕಮಾನು, ಎರಡೂ ಬದಿಗೆ ಹುಡುಗಿಯರ ಹದಿನೈದನೇ ಹುಟ್ಟುಹಬ್ಬಕ್ಕೆ ಹಾಕುವ ದೊಡ್ಡ ಘೇರಿನ ಅಂಗಿಗಳು, ಚಿನ್ನದಂಗಡಿ, ತಾಕೊ ಅಂಗಡಿ. ನಾನು ಸಸ್ಯಾಹಾರಿ. ಇಲ್ಲಿ ಬೀನ್ಸ್ ಪಲ್ಯಕ್ಕೂ ಹಂದಿ ಕೊಬ್ಬು ಹಾಕುವ ರೂಢಿ ಇರುವುದರಿಂದ ಸೋದರಳಿಯ ವಿಚಾರಿಸಿ ವಿಚಾರಿಸಿ, ಕೊನೆಗೆ ಪಾಪಸ್‌ಕಳ್ಳಿಯ ತಾಕೊ ಕೊಡಿಸಿದ. ತುಸು ಲೋಳೆ, ಆದರೆ ನಿಂಬೆಹಣ್ಣು ಹಿಂಡಿಕೊಂಡರೆ ಎರಡನೆಯದನ್ನೂ ಕೇಳುವ ಹಾಗಿತ್ತು.

ಈ ರಸ್ತೆಯಲ್ಲಿ ವಾರದ ಕೊನೆಗೆ ನೆಲಕ್ಕಂಟಿದ ಬಣ್ಣದ ಕಾರುಗಳು ಆಮೆ ವೇಗದಲ್ಲಿ ಸಾಲಾಗಿ ಸಾಗುತ್ತಿದ್ದ ಕಾಲವೊಂದಿತ್ತು. 'ದಿ ಮಿಡ್‌ನೈಟರ್ಸ್' ತಂಡ 1965ರಲ್ಲಿ ಈ ರಸ್ತೆಯ ಹೆಸರಿನಲ್ಲೇ ಒಂದು ವಾದ್ಯಸಂಗೀತದ ರೆಕಾರ್ಡ್ ತಂದಿತು. ಅದೇ ವರ್ಷ ಸರ್ಕಾರಿ ವಸತಿಗೃಹಗಳ ಹುಡುಗರು 'ಕ್ಯಾನಿಬಲ್ ಅಂಡ್ ದಿ ಹೆಡ್‌ಹಂಟರ್ಸ್' ಎಂಬ ಭಯಂಕರ ಹೆಸರಿಟ್ಟುಕೊಂಡು ಹಾಡಿದ ಹಾಡು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 30ನೇ ಸ್ಥಾನಕ್ಕೇರಿತು. ಅದರ ಪ್ರಸಿದ್ಧ 'ನಾ ನಾ ನಾ' ಹುಟ್ಟಿದ್ದು, ಮುಖ್ಯ ಗಾಯಕ ಫ್ರಾಂಕಿ ಗಾರ್ಸಿಯಾಗೆ ಸಾಹಿತ್ಯ ಮರೆತುಹೋದದ್ದರಿಂದ ಎನ್ನುತ್ತಾರೆ. ಆ ಬೇಸಿಗೆಯಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಹಾಡಿದಾಗ ಅವರಿಗಿಂತ ಮೊದಲು ವೇದಿಕೆ ಹತ್ತಿದವರಲ್ಲಿ ಈ ಹುಡುಗರೂ ಇದ್ದರು. ಅಷ್ಟು ದೊಡ್ಡ ಹಾಡು ಅವರಿಗೆ ಮತ್ತೆ ಸಿಗಲೇ ಇಲ್ಲ.

ಮತ್ತೂ ಕೆಲವು ಹೆಜ್ಜೆ ನಡೆದರೆ ಹಿಂದೆ ಸಿಲ್ವರ್ ಡಾಲರ್ ಎಂಬ ಬಾರ್ ಇದ್ದ ಕಟ್ಟಡ. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೊಗಳು ಇದೇ ರಸ್ತೆಯಲ್ಲಿ ಭಾರೀ ಮೆರವಣಿಗೆ ನಡೆಸಿದರು. ಶೆರಿಫ್‌ನ ಪಡೆ ಚದುರಿಸಿತು. ಬಾರಿನೊಳಗಿದ್ದ ಲಾಸ್ ಏಂಜಲೀಸ್ ಟೈಮ್ಸ್‌ನ ಅಂಕಣಕಾರ ರೂಬೆನ್ ಸಲಾಜಾರ್ ತಲೆಗೆ ಅಶ್ರುವಾಯು ಶೆಲ್ ಬಡಿದು ಸತ್ತರು. ಸಭೆ ಸೇರಿದ್ದ ಉದ್ಯಾನಕ್ಕೆ ಈಗ ಅವರ ಹೆಸರಿದೆ. ಲೋಸ್ ಲೋಬೋಸ್ ಹುಡುಗರು ಬೆಳೆದ ಬೀದಿ ಇದು. ಹಳೇ ಹಾಡುಗಳನ್ನು ಹುಡುಕಿ ಕಲಿಯುವ ಹಟ ಅವರಿಗೆ ಎಲ್ಲಿಂದ ಬಂತು ಎಂದು ಕೇಳುವವರು ಈ ರಸ್ತೆಯಲ್ಲಿ ಒಮ್ಮೆ ನಡೆಯಬೇಕು.

ಸಂಜೆ ಊರಿನ ನಡುಭಾಗಕ್ಕೆ ಮರಳಿ, ಗ್ರ್ಯಾಂಡ್ ಅವೆನ್ಯೂನ ಒಲಿಂಪಿಕ್ ಆಡಿಟೋರಿಯಂ ಹೊರಗೆ ನಿಂತೆವು. ಬಾಕ್ಸಿಂಗ್‌ಗೆಂದು 1920ರ ದಶಕದಲ್ಲಿ ಕಟ್ಟಿದ ಕಟ್ಟಡ. ಈಗ ಕೊರಿಯನ್ನರ ಚರ್ಚು. 1980ರಲ್ಲಿ ಇಲ್ಲಿ 'ಪಬ್ಲಿಕ್ ಇಮೇಜ್ ಲಿಮಿಟೆಡ್' ಎಂಬ ಬ್ರಿಟಿಷ್ ತಂಡದ ಕಾರ್ಯಕ್ರಮಕ್ಕೆ ಮೊದಲು ಲೋಸ್ ಲೋಬೋಸ್ ತಮ್ಮ ಜಾನಪದ ವಾದ್ಯಗಳೊಡನೆ ವೇದಿಕೆ ಹತ್ತಿದರು. ಪಂಕ್ ಎಂಬ ಅಬ್ಬರದ ರಾಕ್ ಕೇಳಲು ಬಂದ ಜನ ಉಗಿದರು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಬೇರೆಯವರಾಗಿದ್ದರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಇವರು ಅದೇ ಪಂಕ್ ಲೋಕದೊಳಕ್ಕೆ ಮತ್ತೆ ಹೋದರು, ಈ ಸಲ ಎಲೆಕ್ಟ್ರಿಕ್ ಗಿಟಾರ್ ಮತ್ತು ಅಕಾರ್ಡಿಯನ್ ಎರಡನ್ನೂ ಹಿಡಿದು. 'ದಿ ಬ್ಲಾಸ್ಟರ್ಸ್' ತಂಡದವರು ಕೈಹಿಡಿದರು. ಅವರ ಸ್ಯಾಕ್ಸೊಫೋನ್ ವಾದಕ ಸ್ಟೀವ್ ಬರ್ಲಿನ್ ಇವರ ಜೊತೆಗೇ ಬಂದು ಸೇರಿದರು. 1983ರ ಲೋಸ್ ಲೋಬೋಸ್ ರೆಕಾರ್ಡಿನಲ್ಲಿದ್ದ 'ಆನ್ಸೆಲ್ಮಾ' ಎಂಬ ನೊರ್ತೆನ್ಯೊ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಹತ್ತು ವರ್ಷದ ಮದುವೆ ಊಟದ ನಂತರ!

ಮರುದಿನ ಕಾರಿನಲ್ಲಿ ಉತ್ತರಕ್ಕೆ, ಸ್ಯಾನ್ ಫರ್ನಾಂಡೊ ಕಣಿವೆಗೆ. ಪಕೋಯ್ಮಾ ಲೋಸ್ ಲೋಬೋಸ್‌ಗೂ ಮೊದಲು 'ಲಾ ಬಾಂಬಾ' ಹಾಡಿದ ರಿಚಿ ವ್ಯಾಲೆನ್ಸ್‌ನ ಊರು. ಮೂಲ ಹೆಸರು ರಿಚರ್ಡ್ ವಾಲೆನ್ಸ್ವೇಲಾ. ರೇಡಿಯೊದವರಿಗೆ ಸುಲಭವಾಗಲಿ ಎಂದು ಕಂಪನಿಯವರು ಕತ್ತರಿಸಿದರು. ಎಡಗೈಯವನಾದರೂ ಬಲಗೈ ಗಿಟಾರ್ ಕಲಿತ. ಮನೆಯಲ್ಲಿ ಆಡುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್. ಹಾಗಿದ್ದೂ ವೆರಾಕ್ರೂಸ್‌ನ ಹಳೇ ಮದುವೆ ಹಾಡು 'ಲಾ ಬಾಂಬಾ'ವನ್ನು ರಾಕ್ ಮಾಡಿದ. 1957ರಲ್ಲಿ ಎರಡು ವಿಮಾನ ಆಕಾಶದಲ್ಲಿ ಡಿಕ್ಕಿಯಾಗಿ ಒಂದರ ಚೂರುಗಳು ಅವನ ಶಾಲೆಯ ಬಯಲಿಗೆ ಬಿದ್ದಾಗ ಅವನು ಅಜ್ಜನ ಅಂತ್ಯಕ್ರಿಯೆಗೆ ಹೋಗಿದ್ದರಿಂದ ಉಳಿದ. 1959ರ ಫೆಬ್ರವರಿ 3ರಂದು, ಹದಿನೇಳರ ವಯಸ್ಸಿನಲ್ಲಿ, ಅಯೋವಾದಲ್ಲಿ ವಿಮಾನ ಬಿದ್ದು ಸತ್ತ. ರೆಕಾರ್ಡ್ ಕಂಪನಿಯ ಕಣ್ಣಿಗೆ ಬಿದ್ದು ಆಗ ಒಂದು ವರ್ಷವೂ ಆಗಿರಲಿಲ್ಲ. ಸ್ಯಾನ್ ಫರ್ನಾಂಡೊ ಮಿಷನ್ ಸ್ಮಶಾನದಲ್ಲಿ ತಾಯಿಯ ಜೊತೆ ಒಂದೇ ಕಲ್ಲಿನಡಿ ಇದ್ದಾನೆ. ಯಾರೋ ಗಿಟಾರ್ ಮೀಟುವ ಪಿಕ್‌ಗಳನ್ನು ಇಟ್ಟುಹೋಗಿದ್ದರು.

ಅವನ ಕಥೆಯನ್ನು 1987ರಲ್ಲಿ ಸಿನಿಮಾ ಮಾಡಿದವರು ಅದೇ ನಾಟಕ ತಂಡದ ಲೂಯಿಸ್ ವಾಲ್ಡೆಜ್. ಹಾಡಲು ಬಂದವರು ಲೋಸ್ ಲೋಬೋಸ್. 'ಲಾ ಬಾಂಬಾ' ಮೂರು ವಾರ ಅಮೆರಿಕದ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತಿತು. ಅಲ್ಲಿಂದ ಮುಂದೆ ಸುಲಭದ ದಾರಿ ಎದುರಿಗೇ ಇತ್ತು: ಇಂಥದ್ದೇ ಇನ್ನೂ ನಾಲ್ಕು ಹಾಡು. ಇವರು 1988ರಲ್ಲಿ ತಂದದ್ದು 'ಲಾ ಪಿಸ್ತೋಲಾ ಇ ಎಲ್ ಕೊರಸೋನ್', ಪೂರ್ತಿ ಸ್ಪ್ಯಾನಿಷ್, ಕರೆಂಟಿಲ್ಲದ ವಾದ್ಯಗಳು, ಮದುವೆ ದಿನಗಳ ಸಂಗೀತ. ವ್ಯಾಪಾರದ ದೃಷ್ಟಿಯಲ್ಲಿ ಹುಚ್ಚುತನ ಎಂದ ಸೋದರಳಿಯ. ಗ್ರ್ಯಾಮಿಯೇನೋ ಬಂತು, ಆದರೆ ಅಷ್ಟು ದೊಡ್ಡ ಹಿಟ್ ಮತ್ತೆ ಬರಲಿಲ್ಲ. 1992ರ 'ಕಿಕೊ' ವಿಮರ್ಶಕರ ಮುದ್ದಿನದು. 2021ರಲ್ಲಿ ತಂಡಕ್ಕೆ ದೇಶದ ಜಾನಪದ ಕಲಾವಿದರಿಗೆ ಕೊಡುವ ದೊಡ್ಡ ಗೌರವ, ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ಅದೇ ವರ್ಷ ಮಿಡ್‌ನೈಟರ್ಸ್‌ನಂಥ ತಮ್ಮೂರಿನ ಹಳಬರ ಹಾಡುಗಳನ್ನೇ ಮತ್ತೆ ಹಾಡಿ 'ನೇಟಿವ್ ಸನ್ಸ್' ತಂದರು; ಮತ್ತೊಂದು ಗ್ರ್ಯಾಮಿ.

ಹಿಂತಿರುಗುವಾಗ ಐದನೇ ನಂಬರಿನ ಹೆದ್ದಾರಿ ಕಟ್ಟಿಹೋಗಿತ್ತು. ಸೋದರಳಿಯ 'ಕಿಕೊ' ಹಾಕಿದ.

"ಇದು, ಅತ್ತೆ, ಅವರ ಬೆಸ್ಟು."

"ನಂಗೆ 1978ರದ್ದೇ ಇರಲಿ," ಅಂದೆ.

"ಅದರಲ್ಲಿ ಡ್ರಮ್ಮಿನ ಅಬ್ಬರವೇ ಇಲ್ಲ!"

"ಮದುವೆ ಮನೇಲಿ ಊಟಕ್ಕೆ ಕೂತಾಗ ಡ್ರಮ್ ಯಾಕೋ?"

ಬರ್ಬ್ಯಾಂಕ್ ದಾಟುವ ತನಕ ಇದೇ ಜಗಳ. ಕೊನೆಗೆ ಒಂದು ಅವನದು, ಒಂದು ನನ್ನದು ಅಂತ ಸರದಿ ಗೊತ್ತುಮಾಡಿಕೊಂಡೆವು.