ಜಿನೀವಾ ಗೌರವಿಸಿದ, ಬುಕಾರೆಸ್ಟ್ ಕೈಬಿಟ್ಟ ಟಿಟುಲೆಸ್ಕು

ರುಮೇನಿಯಾದ ರಾಜಧಾನಿ ಬುಕಾರೆಸ್ಟಿನ ವಿಕ್ಟೋರಿಯೆ ಚೌಕದಿಂದ ಹೊರಡುವ ಅಗಲವಾದ ರಸ್ತೆಯೊಂದಕ್ಕೆ, ಎರಡು ಮಹಾಯುದ್ಧಗಳ ನಡುವೆ ದೇಶದ ವಿದೇಶಾಂಗ ಸಚಿವರಾಗಿದ್ದ ನಿಕೊಲಾಯೆ ಟಿಟುಲೆಸ್ಕು ಅವರ ಹೆಸರಿದೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಅದು ಬರೀ ವಿಳಾಸವಾಗಿತ್ತು. ಆಮೇಲೆ ಅವರ ಬಗ್ಗೆ ಓದುತ್ತ ಹೋದಂತೆ, ಹೊರಗೆ ಇಷ್ಟು ದೊಡ್ಡ ಹೆಸರು ಮಾಡಿದವರು ಸ್ವದೇಶದಲ್ಲಿ ಇಷ್ಟು ಒಂಟಿಯಾದದ್ದು ಹೇಗೆ ಎಂಬ ಕುತೂಹಲ ಬೆಳೆಯಿತು.

1882ರಲ್ಲಿ ಕ್ರಯೋವಾದಲ್ಲಿ ಹುಟ್ಟಿದ ಟಿಟುಲೆಸ್ಕು ಪ್ಯಾರಿಸ್‌ನಲ್ಲಿ ಕಾನೂನು ಕಲಿತು, ಯಾಶ್ ಮತ್ತು ಬುಕಾರೆಸ್ಟ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾದರು. ಟಾಕೆ ಇಯೊನೆಸ್ಕು ಅವರ ಪಕ್ಷದ ಮೂಲಕ 1912ರಲ್ಲಿ ಸಂಸತ್ತನ್ನು ಪ್ರವೇಶಿಸಿ, ಎರಡು ಬಾರಿ ಹಣಕಾಸು ಸಚಿವರಾದರು. 1922ರಲ್ಲಿ ಇಯೊನೆಸ್ಕು ತೀರಿಕೊಂಡ ಬಳಿಕ ಪಕ್ಷವೂ ಕರಗಿತು. ಅಲ್ಲಿಂದಾಚೆಗೆ ಟಿಟುಲೆಸ್ಕು ಅವರ ಬೆನ್ನಿಗೆ ಯಾವ ದೊಡ್ಡ ಪಕ್ಷವೂ ಗಟ್ಟಿಯಾಗಿ ನಿಲ್ಲಲಿಲ್ಲ. ಅವರ ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ ಎಂದು ನನಗನ್ನಿಸುತ್ತದೆ.

1920ರ ಜೂನ್ 4ರಂದು, ಮೊದಲ ಮಹಾಯುದ್ಧದ ನಂತರ ಹಂಗೇರಿಯೊಂದಿಗೆ ಆದ ಟ್ರಿಯಾನಾನ್ ಒಪ್ಪಂದಕ್ಕೆ ರುಮೇನಿಯಾದ ಪರವಾಗಿ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಟ್ರಾನ್ಸಿಲ್ವೇನಿಯಾ ರುಮೇನಿಯಾಕ್ಕೆ ಸೇರಿದ್ದನ್ನು ಹಂಗೇರಿ ಒಪ್ಪಬೇಕಾಗಿ ಬಂದದ್ದು ಈ ಒಪ್ಪಂದದಿಂದ. ಅಲ್ಲಿ ಭೂಸುಧಾರಣೆಯಲ್ಲಿ ಜಮೀನು ಕಳೆದುಕೊಂಡು, ಹಂಗೇರಿಯ ಪೌರತ್ವವನ್ನು ಆರಿಸಿಕೊಂಡಿದ್ದ ಭೂಮಾಲೀಕರ ಪರಿಹಾರದ ಪ್ರಶ್ನೆ 1923ರಲ್ಲಿ, ಇಂದಿನ ವಿಶ್ವಸಂಸ್ಥೆಗೆ ಮುಂಚೆ ಜಿನೀವಾದಲ್ಲಿ ನೆಲೆಸಿದ್ದ ರಾಷ್ಟ್ರಸಂಘದ ಕಟ್ಟೆ ಏರಿದಾಗ, ಹಂಗೇರಿಯ ಹಿರಿಯ ವಾಗ್ಮಿ ಕೌಂಟ್ ಆಲ್ಬರ್ಟ್ ಅಪ್ಪೊನ್ಯಿ ಎದುರು ಟಿಟುಲೆಸ್ಕು ವರ್ಷಗಟ್ಟಲೆ ವಾದಿಸಿದರು. ಲಂಡನ್ನಿನಲ್ಲಿ ದೇಶದ ರಾಯಭಾರಿಯಾಗಿದ್ದುಕೊಂಡೇ ಜಿನೀವಾದಲ್ಲಿ ಅವರು ಗಳಿಸಿದ ಗೌರವ ಎಷ್ಟಿತ್ತೆಂದರೆ, 1930 ಮತ್ತು 1931ರಲ್ಲಿ, ಸತತ ಎರಡು ಬಾರಿ, ರಾಷ್ಟ್ರಸಂಘದ ಮಹಾಸಭೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಸತತ ಎರಡು ವರ್ಷ ಈ ಸ್ಥಾನಕ್ಕೆ ಆಯ್ಕೆಯಾದವರು ಬೇರೆ ಯಾರೂ ಇಲ್ಲ.

1932ರಲ್ಲಿ ಮತ್ತೆ ವಿದೇಶಾಂಗ ಸಚಿವರಾದ ಮೇಲೆ, ಯುದ್ಧಾನಂತರದ ಗಡಿಗಳನ್ನು ಕಾಯ್ದುಕೊಳ್ಳುವುದೇ ಅವರ ಗುರಿಯಾಯಿತು. ಚೆಕೊಸ್ಲೊವಾಕಿಯಾ ಮತ್ತು ಯುಗೊಸ್ಲಾವಿಯಾಗಳೊಂದಿಗಿನ ಕೂಟವನ್ನು ಬಿಗಿಗೊಳಿಸಿದರು; 1934ರ ಫೆಬ್ರವರಿಯಲ್ಲಿ ಅಥೆನ್ಸ್‌ನಲ್ಲಿ ಬಾಲ್ಕನ್ ಒಪ್ಪಂದಕ್ಕೆ ಸಹಿ ಹಾಕಿದರು; ಅದೇ ವರ್ಷ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಸೆದರು. ಬಲಪಂಥೀಯರಿಗೆ ಸಹನೆಯಾಗದೆ ಹೋದದ್ದು ಈ ಕೊನೆಯ ಹೆಜ್ಜೆ. ನೆರೆಯ ಬಲಾಢ್ಯನನ್ನು ಒಪ್ಪಂದದಲ್ಲಿ ಕಟ್ಟಿಹಾಕುವುದೇ ಲೇಸು ಎಂಬ ಅವರ ಲೆಕ್ಕಾಚಾರವನ್ನು ಕಮ್ಯುನಿಸ್ಟರ ಮೇಲಿನ ಮಮತೆಯೆಂದು ವಿರೋಧಿಗಳು ಬಣ್ಣಿಸಿದರು.

1936ರ ಜೂನ್ 30ರಂದು, ಇಟಲಿ ಆಕ್ರಮಿಸಿಕೊಂಡಿದ್ದ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ಮಾತನಾಡಲು ಎದ್ದಾಗ ಇಟಲಿಯ ಪತ್ರಕರ್ತರು ಸೀಟಿ ಹೊಡೆದು ಅಡ್ಡಿಪಡಿಸಿದರು. ಆಗ ಟಿಟುಲೆಸ್ಕು ಎದ್ದು ನಿಂತು, ಈ ಅನಾಗರಿಕರನ್ನು ಹೊರಗೆ ಹಾಕಿ ಎಂದು ಫ್ರೆಂಚ್‌ನಲ್ಲಿ ಗುಡುಗಿದರು. ಮಾತು ತೂಗಿ ಆಡಬೇಕಾದ ವೃತ್ತಿಯವರ ಬಾಯಲ್ಲಿ ಬಂದ ಈ ಸಿಟ್ಟೇ ನನಗೆ ಅವರ ಜೀವನದ ಅತ್ಯಂತ ಪ್ರಿಯವಾದ ಘಟನೆ. ಮುಸೊಲಿನಿಯ ಪತ್ರಿಕೆಗಳಿಗೆ ಅದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 29ರಂದು, ಅವರು ವಿದೇಶದಲ್ಲಿದ್ದಾಗಲೇ ಸಚಿವ ಸಂಪುಟವನ್ನು ಪುನರ್ರಚಿಸಿ ಅವರನ್ನು ಕೈಬಿಡಲಾಯಿತು. ದೊರೆ ಎರಡನೆಯ ಕ್ಯಾರೋಲ್‌ನ ಒಪ್ಪಿಗೆ ಇದಕ್ಕಿತ್ತು. ತಡೆಯಲು ಅವರಿಗೊಂದು ಪಕ್ಷವಿರಲಿಲ್ಲ. ನಾಲ್ಕೇ ವರ್ಷಗಳಲ್ಲಿ ದೇಶದ ಪೂರ್ವದ ಪ್ರಾಂತ್ಯವಾದ ಬೆಸರೇಬಿಯಾ ಸೋವಿಯತ್ತರ ಪಾಲಾಯಿತು, ಉತ್ತರ ಟ್ರಾನ್ಸಿಲ್ವೇನಿಯಾ ಹಂಗೇರಿಯ ಕೈಸೇರಿತು.

1941ರ ಮಾರ್ಚ್‌ನಲ್ಲಿ ಟಿಟುಲೆಸ್ಕು ಫ್ರಾನ್ಸಿನ ಕಾನ್‌ನಲ್ಲಿ ತೀರಿಕೊಂಡರು. ತಾಯ್ನಾಡಿನ ಮಣ್ಣಿನಲ್ಲೇ ತಮ್ಮ ಸಮಾಧಿಯಾಗಬೇಕೆಂಬ ಅವರ ಇಚ್ಛೆ ಈಡೇರಿದ್ದು ಕಮ್ಯುನಿಸ್ಟ್ ಆಡಳಿತ ಉರುಳಿದ ಮೇಲೆ, 1992ರಲ್ಲಿ. ಡ್ರಾಕುಲಾನ ಹೆಸರು ಕೇಳಿ ಬ್ರಾನ್ ಕೋಟೆಗೆ ಹೋಗುವ ನಮ್ಮವರೆಲ್ಲ ಸಾಮಾನ್ಯವಾಗಿ ಬ್ರಾಶೋವ್ ನಗರದಲ್ಲಿ ಇಳಿಯುತ್ತಾರೆ. ಅಲ್ಲಿನ ಶ್ಕೇಯ್ ಬಡಾವಣೆಯ ಸಂತ ನಿಕೊಲಸರ ಚರ್ಚಿನ ಆವರಣದಲ್ಲಿ, ಮೊದಲ ರುಮೇನಿಯನ್ ಶಾಲೆಯ ವಸ್ತುಸಂಗ್ರಹಾಲಯದ ಸಮೀಪದಲ್ಲೇ, ಅವರ ಸಮಾಧಿಯಿದೆ.